ಬೇಸ್ ಮಾಸ್ತರನ ಐದನೇ ತಂತಿ

ಆರ್ಕೆಸ್ಟ್ರಾ ನೋಡಲು ಬಂದ ಜನ ಬೇಸ್ ಗಿಟಾರಿನವನಿಗೆ ಕೇಳುವುದು ಒಂದೇ ಪ್ರಶ್ನೆ: "ಮಾಸ್ತರ್ರ, ಎರಡ ತಂತಿ ಹರದ ಹೋಗ್ಯಾವಲ್ರಿ, ಹಾಕ್ಸೂದಿಲ್ಲೇನ್ರಿ?"

ಗಿಟಾರಿಗೆ ಆರು ತಂತಿ ಎಂಬುದು ನಮ್ಮ ಕೊಗನೊಳ್ಳಿಯ ಚಹಾದಂಗಡಿಗೂ ಗೊತ್ತು. ಬೇಸ್ ಗಿಟಾರಿಗೆ ಇರುವುದೇ ನಾಲ್ಕು ಎಂದು ಮಾಸ್ತರ ಮೊದಮೊದಲು ತಿಳಿಸಿ ಹೇಳುತ್ತಿದ್ದ. ಕೇಳಿದವರು ತಲೆಯಾಡಿಸಿ, ಖರ್ಚಿಗೆ ಅಂಜಿರಬೇಕು ಪಾಪ ಎಂದುಕೊಂಡು ಹೋಗುತ್ತಿದ್ದರು. ಕೊನೆಗೊಮ್ಮೆ ಅವನು ಕಂತಿನ ಮೇಲೆ ಐದು ತಂತಿಯ ಬೇಸ್ ಕೊಂಡ. ಆ ವರ್ಷದ ಗಣಪತಿಗೆ ಅದೇ ಜನ ಬಂದು, ಬಗ್ಗಿ ನೋಡಿ, "ಒಂದ ಹಾಕ್ಸೀರಿ, ಛಲೋ ಆತು. ಇನ್ನೊಂದ ಯಾವಾಗ್ರಿ?" ಅಂದರು.

ಕಾಗಲ ಬಿಟ್ಟು, ದೂಧಗಂಗಾ ದಾಟಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕಕ್ಕೆ ಕಾಲಿಟ್ಟರೆ ಸಿಗುವ ಟೋಲ್ ನಾಕಾ ನಮ್ಮೂರದು. ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ಇಂಥ ಒಬ್ಬ ಮಾಸ್ತರ ಇದ್ದೇ ಇರುತ್ತಾನೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆಯುತ್ತಿರುತ್ತಾನೆ, ಚಿಕ್ಕೋಡಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುತ್ತಾನೆ, ಅಥಣಿ ಕಡೆ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ತೂಗುತ್ತಿರುತ್ತಾನೆ. ನಾನು ಹೇಳುತ್ತಿರುವವನು ಕಾಗಲದ ಎಂಐಡಿಸಿಯಲ್ಲಿ ಲೇಥ್ ಮೇಲೆ ಕೆಲಸ ಮಾಡುವವನು. ಹಗಲು ಶಿಫ್ಟ್ ಇದ್ದ ದಿನ ರಾತ್ರಿ ಆರ್ಕೆಸ್ಟ್ರಾ. ರಾತ್ರಿ ಶಿಫ್ಟ್ ಇದ್ದ ದಿನ ಆರ್ಕೆಸ್ಟ್ರಾ ಬಂದರೆ ಅಜ್ಜಿ ತೀರಿಕೊಂಡಿರುತ್ತಾಳೆ. ಅಜ್ಜಿ ಮಾತ್ರ ಗಟ್ಟಿಯಾಗಿ, ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿರುತ್ತಾಳೆ. ಅವನನ್ನು ಎಲ್ಲರೂ ಮಾಸ್ತರ ಎನ್ನುತ್ತಾರೆ. ಅವನ ಹತ್ತಿರ ಯಾರೂ ಏನೂ ಕಲಿತದ್ದಿಲ್ಲ.

ವೇದಿಕೆಯ ಮೇಲೆ ಅವನ ಜಾಗ ಡ್ರಮ್ಮಿನ ಪಕ್ಕಕ್ಕೆ, ಅರ್ಧ ಕತ್ತಲಲ್ಲಿ. ಗಾಯಕಿಯ ಫೋಟೊ ತೆಗೆದಾಗ ಹಿಂದೆ ಒಂದು ಮೊಣಕೈ ಬಂದಿರುತ್ತದಲ್ಲ, ಅದು ನಮ್ಮ ಮಾಸ್ತರನದು.

ಹಾಗೆ ನೋಡಿದರೆ ನಮ್ಮದು ನಾದದ ಸೀಮೆಯೇ. ಅತ್ತ ಮಿರಜದಲ್ಲಿ ಸಿತಾರ, ತಂಬೂರಿ ಮಾಡುವ ಮನೆತನಗಳಿವೆ. 2024ರಲ್ಲಿ ಅವಕ್ಕೆ ಜಿಐ ಟ್ಯಾಗೂ ಸಿಕ್ಕಿತು. ಇತ್ತ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಕುಮಾರ ಗಂಧರ್ವರು ಹುಟ್ಟಿದರು. ಮಾಸ್ತರನಿಗೆ ಇವರೆಲ್ಲರ ಮೇಲೆ ಗೌರವ ಇದೆ, ಭಕ್ತಿ ಬೇರೆ ಕಡೆ ಇದೆ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬಾತ ಆಳೆತ್ತರದ ಡಬಲ್ ಬೇಸನ್ನು ಕೊರಳಿಗೆ ನೇತುಹಾಕಿಕೊಳ್ಳುವ ಅಳತೆಗೆ ಇಳಿಸಿದ, ಫ್ರೆಟ್ ಹೊಡೆದು ಸ್ವರ ತಪ್ಪದಂತೆ ಮಾಡಿದ. ಇದನ್ನು ಮಾಸ್ತರ ಸತ್ಯನಾರಾಯಣನ ಕಥೆಯಷ್ಟೇ ಶ್ರದ್ಧೆಯಿಂದ ಹೇಳುತ್ತಾನೆ. ಒಮ್ಮೆ ಅಜ್ಜಿಗೂ ಹೇಳಿದ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ವರ್ಷಾ ಹೋಗುವ ಮುದುಕಿ ಅದು. ಪೂರ್ತಿ ಕೇಳಿ, "ಚೌಡಕಿಗೆ ಒಂದ ತಂತಿ ಇರತೈತಿ. ಅದರಾಗ ಜೋಗತೇರು ಎಲ್ಲವ್ವನ್ನ ಕರೀತಾರ. ನಿನ್ನಕ ಐದ ಅದಾವ, ಮೂಲ್ಯಾಗ ಕುಂತಾವಂಗೂ ಕೇಳ್ಸೂದಿಲ್ಲ" ಅಂದಳು.

ಅವನ ಎರಡನೇ ದೇವರು ಇಳಯರಾಜಾ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಈ ಎರಡು ಚಿತ್ರದ ಹಾಡುಗಳನ್ನು ಅವನ ಎದುರು ಗುನುಗುವ ಧೈರ್ಯ ಮಾಡಬೇಡಿ. ಕಿವಿಗೆ ಇಯರ್‌ಫೋನ್ ತುರುಕಿ, ಮುಂಗೈ ಹಿಡಿದು ಕೂಡಿಸಿ, "ಹಾಡ ಕೇಳಬ್ಯಾಡ್ರಿ, ಹಾಡಿನ ಕೆಳಗ ಕೇಳ್ರಿ" ಎನ್ನುತ್ತಾನೆ. ನಾನು ಕೇಳಿದ್ದೇನೆ. ಕೆಳಗೆ ನಿಜವಾಗಿಯೂ ಇನ್ನೊಂದು ಹಾಡು ನಡೆದಿರುತ್ತದೆ. ಅದನ್ನು ಅವನೆದುರು ಒಪ್ಪಿಕೊಂಡರೆ ಮತ್ತೆ ಒಂದು ತಾಸು ಏಳಗೊಡುವುದಿಲ್ಲ.

ಸಾಮಾನಿನ ವಿಷಯಕ್ಕೆ ಬಂದರೆ ಈ ಮನುಷ್ಯನ ನಿಜರೂಪ ಕಾಣುತ್ತದೆ. ಲೇಥಿನವನಾದ್ದರಿಂದ ಅವನಿಗೆ ಅಂದಾಜು ಎಂಬುದೇ ಆಗಿಬರುವುದಿಲ್ಲ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರ ಇರಬೇಕು ಎಂಬುದನ್ನು ಬೇರೆಯವರು ಬೆರಳಿನಿಂದ ನೋಡಿದರೆ ಇವನು ವರ್ನಿಯರ್ ಕ್ಯಾಲಿಪರ್ ಹಚ್ಚಿ ನೋಡುತ್ತಾನೆ. ಎರಡು ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚಾದರೂ ಆಲನ್ ಕೀ ತೆಗೆದು ಕತ್ತಿನೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ತಿರುಗಿಸುತ್ತಾನೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಆದ್ದರಿಂದ ವರ್ಷವಿಡೀ ಕಾಲು ಸುತ್ತಿನ ಕೆಲಸ ಇದ್ದೇ ಇರುತ್ತದೆ. ಇಷ್ಟು ಸೂಕ್ಷ್ಮ ಮಾಡಿದ ವಾದ್ಯವನ್ನು ರಾತ್ರಿ ಮಿಕ್ಸರಿನವನು ಒಂದು ಬೆರಳಿನಿಂದ ಸೊನ್ನೆಗೆ ಇಳಿಸುತ್ತಾನೆ. "ಗುಂಯ್ ಅನ್ನಾತೈತಿ ಮಾಸ್ತರ, ಹಾಡ ಸ್ವಚ್ಛ ಕೇಳೂದಿಲ್ಲ."

ತಂತಿಯ ಕಥೆ ಬೇರೆ. ಬೇಸಿನ ತಂತಿ ದಪ್ಪ, ಅದರ ಬೆಲೆಯೂ ದಪ್ಪ. ಒಂದು ಸೆಟ್ ತರುವ ದುಡ್ಡಿನಲ್ಲಿ ಸಾದಾ ಗಿಟಾರಿನ ತಂತಿ ಹಲವು ಸಲ ಬದಲಿಸಬಹುದು. ಹೀಗಾಗಿ ಬೇಸಿನವರೆಲ್ಲ ಹಳೆಯ ತಂತಿಯನ್ನು ಕುದಿಸುತ್ತಾರೆ. ಸುತ್ತಿನ ಸಂದಿಯಲ್ಲಿ ಕೂತ ಬೆವರು, ಎಣ್ಣೆ, ಕೊಳೆ ಬಿಟ್ಟು ಬರುತ್ತದೆ, ನಾಲ್ಕು ದಿನ ಹೊಸದರ ಸದ್ದು ಬರುತ್ತದೆ. ಒಂದು ರವಿವಾರ ಮುಂಜಾನೆ ಮಾಸ್ತರ ಹಾಲಿನ ಬೋಗಾಣಿಯಲ್ಲಿ ನೀರಿಟ್ಟು ತಂತಿ ಸುರುಳಿ ಬಿಟ್ಟಿದ್ದ. ಅವ್ವ ಒಳಗೆ ಬಂದಳು. ನೀರು ಕಂದಾಗಿತ್ತು, ಮೇಲೆ ಎಣ್ಣೆಯ ಪದರ ತೇಲುತ್ತಿತ್ತು. "ಯಾರ ಬರೂರದಾರೋ, ಶಾವಿಗಿ ಕುದಿಸಾಕತ್ತೀದಿ?" ಎಂದು ಕೇಳಿ ಸೌಟು ಹಾಕಿ ಎತ್ತಿ ನೋಡಿದಳು. ಆಮೇಲೆ ಆ ಬೋಗಾಣಿ ಹಿತ್ತಲಿಗೆ ಹೋಯಿತು. ಈಗ ಅದರಲ್ಲಿ ಎಮ್ಮೆಗೆ ನುಚ್ಚು ಇಡುತ್ತಾರೆ. ಮಾಸ್ತರನ ತಂತಿಗೂ ಅದೇ.

ಹೊಸ ಬೇಸ್ ಕೊಳ್ಳುವಾಗ ಅವನು ಮನೆಯಲ್ಲಿ ಒಂದು ಬೆಲೆ ಹೇಳಿದ, ಆರ್ಕೆಸ್ಟ್ರಾದಲ್ಲಿ ಇನ್ನೊಂದು. ಹೆಂಡತಿ ಏನೂ ಅನ್ನಲಿಲ್ಲ. ಕಂತು ಕಡಿತಗೊಂಡಾಗಲೆಲ್ಲ ಬ್ಯಾಂಕಿನ ಮೆಸೇಜು ಬರುವುದು ಅವಳ ಮೊಬೈಲಿಗೆ. ಮುಂದಿನ ದೀಪಾವಳಿಗೆ ಅವಳಿಗೆ ಬಂದ ಪೈಠಣಿ ಸೀರೆಯ ಬೆಲೆಗೂ ಆ ಬೇಸಿನ ನಿಜ ಬೆಲೆಗೂ ಹತ್ತು ರೂಪಾಯಿಯ ಫರಕೂ ಇರಲಿಲ್ಲ ಎಂದು ತಿಳಿದವರು ಹೇಳುತ್ತಾರೆ.

ಆಂಪ್ಲಿಫೈಯರ್ ಯಾವುದಿರಬೇಕು ಎಂಬುದನ್ನು ತೀರ್ಮಾನಿಸಿದ್ದು ಕ್ರೂಸರ್ ಗಾಡಿ. ಮೊದಲು ಹದಿನೈದು ಇಂಚಿನ ಸ್ಪೀಕರಿನ ಒಂದು ಪೆಟ್ಟಿಗೆ ಇತ್ತು. ಅದು ಗಾಡಿ ಏರಿದರೆ ಒಬ್ಬ ಗಾಯಕ ಇಳಿಯಬೇಕಾಗುತ್ತಿತ್ತು. ಮಾಲಕ ಒಂದು ದಿನ ಲೆಕ್ಕ ಹಾಕಿ ಹೇಳಿದ: "ಮಾಸ್ತರ, ಕೀಬೋರ್ಡದಾಗ ಎಡಗೈಲೇ ಬೇಸ್ ಬರತೈತಿ. ಅದಕ್ಕ ಶೀಟ್ ಬೇಕಿಲ್ಲ, ಊಟ ಬೇಕಿಲ್ಲ." ಅಂದಿನಿಂದ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಈಗ ಮಾಸ್ತರ ಅಂಗೈ ಅಗಲದ ಒಂದು ಪೆಡಲ್ ತೆಗೆದುಕೊಂಡು ಹೋಗಿ ನೇರ ಮಿಕ್ಸರಿಗೆ ಹಚ್ಚುತ್ತಾನೆ. ಪೆಟ್ಟಿಗೆಯನ್ನು ಭಜನಿ ಮಂಡಳದವರು ಹರಿಪಾಠಕ್ಕೆ ಒಯ್ದರು. ಬೇಸಿಗಾಗಿ ಮಾಡಿದ ಆಂಪಿನಲ್ಲಿ ಮನುಷ್ಯರು ಮಾತಾಡಿದರೆ ಗುಡಿಯ ಗರ್ಭಗುಡಿಯಿಂದಲೇ ಯಾರೋ ಮಾತಾಡಿದಂತೆ ಕೇಳುತ್ತದೆ. ಬುವಾ ಖುಷಿಯಾಗಿ ಅದನ್ನು ಮರಳಿ ಕೊಡಲೇ ಇಲ್ಲ.

ಕೀಬೋರ್ಡಿನ ಮೇಲೆ ಮಾಸ್ತರ ಹಗೆ ತೀರಿಸಿಕೊಳ್ಳುವ ಗಳಿಗೆಯೂ ಬರುತ್ತದೆ. ಗಾಯಕಿ ವೇದಿಕೆ ಏರಿ, "ಇವತ್ತ ಗಂಟಲಾ ಬಿದ್ದೈತಿ, ಕಾಳಿ ಚಾರ ಬ್ಯಾಡ, ಕಾಳಿ ದೋನ ತಗೋರಿ" ಎಂದರೆ ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಗುಂಡಿ ಹುಡುಕುತ್ತಾನೆ. ಅಷ್ಟರಲ್ಲಿ ಮಾಸ್ತರ ಕೈ ಸರಿಸಿ ತಯಾರಾಗಿರುತ್ತಾನೆ. ಮಿಕ್ಸರಿನಲ್ಲಿ ಸೊನ್ನೆಯಲ್ಲೇ ಇರುತ್ತಾನೆ, ಆ ಮಾತು ಬೇರೆ.

ಗಡಿಯಲ್ಲಿ ಬಾರಿಸುವವನ ಪಾಡು ಬೆಂಗಳೂರಿನವರಿಗೆ ತಿಳಿಯದು. ಈಚೆ ಕಾರ್ಯಕ್ರಮವಾದರೆ ಮೊದಲ ಹಾಡು ಕನ್ನಡದ್ದು, ಆಚೆಯಾದರೆ ಮರಾಠಿಯದ್ದು. 2016ರಲ್ಲಿ 'ಸೈರಾಟ್' ಬಂದ ಮೇಲೆ ಎರಡೂ ಕಡೆ ಕೊನೆಯ ಹಾಡು 'ಝಿಂಗಾಟ್' ಎಂದು ತಂಟೆಯಿಲ್ಲದೆ ಇತ್ಯರ್ಥವಾಯಿತು. ನವೆಂಬರ್ ಒಂದರ ಆಜುಬಾಜು ಗಾಳಿ ಬಿಸಿಯಾದರೆ ಕೆಎ 23ರ ಕ್ರೂಸರ್ ಕೊಲ್ಹಾಪುರಕ್ಕೆ ಹೋಗುವುದಿಲ್ಲ, ಎಂಎಚ್ 09ರ ಗಾಡಿ ಚಿಕ್ಕೋಡಿಗೆ ಬರುವುದಿಲ್ಲ. ಸುಪಾರಿ ಕೊಟ್ಟವರು ಫೋನ್ ಮಾಡಿ, "ಮುಂದಿನ ವರ್ಷ ನೋಡೂಣು" ಎನ್ನುತ್ತಾರೆ.

ಚುನಾವಣೆಯ ದಿನಗಳಲ್ಲಿ ಒಮ್ಮೆ ಮಾಸ್ತರ ಬೈಕಿನ ಮೇಲೆ, ಬೆನ್ನಿಗೆ ಬೇಸ್ ಕಟ್ಟಿಕೊಂಡು ಗಡಿ ದಾಟುತ್ತಿದ್ದ. ನಾಕಾದಲ್ಲಿ ತಪಾಸಣೆ. ಉದ್ದನೆಯ ಕರಿ ಚೀಲ ಕಂಡು ನಿಲ್ಲಿಸಿದರು.

"ಏನಿದು?"

"ಗಿಟಾರ್ರಿ ಸಾಹೇಬ್ರ."

"ಬಾರಿಸಿ ತೋರ್ಸು."

ಕರೆಂಟ್ ಇಲ್ಲದ ಬೇಸಿನ ಸದ್ದು ಬಾರಿಸುವವನ ಹೊಟ್ಟೆಗೆ ಮಾತ್ರ ಕೇಳುತ್ತದೆ, ಅದೂ ಅವನು ಉಸಿರು ಬಿಗಿಹಿಡಿದರೆ. ಪಕ್ಕದಲ್ಲಿ ಟ್ರಕ್ಕುಗಳು ಹಾರ್ನ್ ಹೊಡೆಯುತ್ತಿದ್ದವು. ಮಾಸ್ತರ ಬೆವರುತ್ತ ಬಾರಿಸಿದ. ಸಾಹೇಬರು ಕಿವಿ ತಂದು ಇಟ್ಟರು.

"ಏನೂ ಬರಾಕತ್ತಿಲ್ಲಲ್ಲೋ?"

"ಬರಾಕತ್ತೈತ್ರಿ, ಕೇಳ್ಸೂದಿಲ್ರಿ."

ಇಪ್ಪತ್ತು ವರ್ಷದ ಕಲಾಜೀವನವನ್ನು ಇಷ್ಟು ಚೊಕ್ಕಟವಾಗಿ ಅವನು ಮತ್ತೆಂದೂ ಹೇಳಿಲ್ಲ. ಬಿಟ್ಟು ಕಳಿಸಿದರು.

ಇನ್ನು ಗುಂಯ್ ಎಂಬ ಸದ್ದಿನ ಮಾತು. ಮಂಟಪದ ಅರ್ಥಿಂಗ್ ನೆಟ್ಟಗಿರದಿದ್ದರೆ ಸ್ಪೀಕರಿನಲ್ಲಿ ಕರೆಂಟಿನ ಗುಂಗು ಕೂತುಬಿಡುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಬೇಸಿನ ಕೆಳಗಿನ ಜಿ ಸ್ವರ 49. ಅಂದರೆ ಹೆಚ್ಚುಕಡಿಮೆ ಒಂದೇ. ಟ್ಯೂನರಿನ ಸೆಲ್ ಸತ್ತ ದಿನ ಮಾಸ್ತರ ಆ ಗುಂಗಿಗೇ ಶ್ರುತಿ ಮಾಡಿಕೊಂಡದ್ದಿದೆ. ಇದರಲ್ಲಿ ಒಂದು ರಾಷ್ಟ್ರೀಯ ವಿಷಯವೂ ಇದೆ ಎಂದು ಅವನು ಚಹಾದಂಗಡಿಯಲ್ಲಿ ಹೇಳುತ್ತಾನೆ, ಮತ್ತು ಅದು ನಿಜ. ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದ ಜಾಲದ ಜೊತೆ ಒಂದೇ ಮಿಡಿತಕ್ಕೆ ಬಂದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಲೈನು ಕೂಡಿಸಿದಾಗ. ಅದಕ್ಕೂ ಮೊದಲು ಕರ್ನಾಟಕದ ಮಿಡಿತ ಬೇರೆ, ಮಹಾರಾಷ್ಟ್ರದ ಮಿಡಿತ ಬೇರೆ. "ಮಹಾಜನ್ ವರದಿ 1967ಕ್ಕ ಬಂತು, ತಂಟೆ ಮುಗೀಲಿಲ್ಲ. 2004ರಿಂದ ಸುಪ್ರೀಂ ಕೋರ್ಟಿನಾಗ ಐತಿ, ಮುಗೀಲಿಲ್ಲ. ಗುಂಯ್ ಅನ್ನೂದ ಮಾತ್ರ ಎರಡೂ ರಾಜ್ಯಕ್ಕ ಒಂದ ಆತು ನೋಡ್ರಿ" ಎನ್ನುತ್ತಾನೆ. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಅದು ಅವನಿಗೆ ರೂಢಿ.

ಮಾಸ್ತರನ ಖಾಸಾ ವೈರಿ ಕೀಬೋರ್ಡ್ ಅಲ್ಲ, ಡಾಲ್ಬಿ. ಟ್ರ್ಯಾಕ್ಟರಿನ ಮೇಲೆ ಸ್ಪೀಕರಿನ ಗೋಡೆ ಕಟ್ಟಿ ಮೆರವಣಿಗೆಯಲ್ಲಿ ಎಳೆಯುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಟೇಪಿನ ಸರಸರ ಸದ್ದು ಅಡಗಿಸುವ ಉಪಾಯ ಕಂಡುಹಿಡಿದ ರೇ ಡಾಲ್ಬಿಯ ಹೆಸರು ಇದಕ್ಕೆ ಅಂಟಿದ್ದು ಯಾವ ಜನ್ಮದ ಕರ್ಮವೋ. ಡಾಲ್ಬಿಯ ಎದುರು ನಿಂತು ಎದೆ ನಡುಗಿಸಿಕೊಂಡ ಹುಡುಗರು "ಏನ್ ಬೇಸ್ ಐತಲೇ!" ಎಂದು ಕುಣಿಯುತ್ತಾರೆ. ಅದೇ ಹುಡುಗರು ಮರುದಿನ ಬಂದು ಮಾಸ್ತರನಿಗೆ, ನೀವು ಬಾರಿಸುವುದು ಏನು ಎಂದು ಕೇಳುತ್ತಾರೆ. ಬೇಸ್ ಬೇಕೆಂದು ಇಡೀ ಸೀಮೆ ಹಂಬಲಿಸುವಾಗ ಬೇಸಿನವನೊಬ್ಬನೇ ಯಾರಿಗೂ ಬೇಡವಾದದ್ದು ನನಗಂತೂ ಅನ್ಯಾಯ ಅನಿಸುತ್ತದೆ.

ಅವನ ಐದನೇ ತಂತಿಯ ಗೋಳೂ ಇದೇ. ಅದರ ಸ್ವರ 31 ಹರ್ಟ್ಝ್. ಆರ್ಕೆಸ್ಟ್ರಾದ ಪೆಟ್ಟಿಗೆಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಸಾಲ ಮಾಡಿ ತಂದ ತಂತಿಯ ಸದ್ದು ಹೊರಗೆ ಬರಬೇಕಾದರೆ ಡಾಲ್ಬಿಯೇ ಬೇಕು.

ಗಣಪತಿ ಕಳಿಸುವ ದಿನ ಮಧ್ಯಾಹ್ನ ಡಾಲ್ಬಿಯವನು ಚಹಾ ಕುಡಿಯಲು ಹೋಗಿದ್ದಾಗ ಅದು ಆಯಿತು. ಅವನ ಪೋರ ಸಹಾಯಕ ಮಾಸ್ತರನ ಗಲ್ಲಿಯವನೇ. "ಹಚ್ರಿ ಕಾಕಾ, ಒಂದ ಸಲ" ಅಂದ. ಮಾಸ್ತರ ಕೇಬಲ್ ಚುಚ್ಚಿ, ಐದನೇ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟಿದ. ಮೊದಲು ಏನೂ ಕೇಳಲಿಲ್ಲ. ಸಾಲಾಗಿ ಮನೆಗಳ ಪತ್ರಾ ಮಾತ್ರ ನಡುಗಿದವು. ಕಟ್ಟಿದ್ದ ಎಮ್ಮೆ ದಾಬು ಹರಿಯಿತು. ಗೂಡಿನಲ್ಲಿಟ್ಟ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಕೆಳಗೆ ಬಂದವು. ಕಟ್ಟೆಯ ಮೇಲಿನ ಅಜ್ಜಿ ಎಲೆ ಅಡಿಕೆ ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು, "ಉಧೋ ಉಧೋ" ಅಂದಳು. ಡಾಲ್ಬಿಯವನು ಬಸಿ ಕೈಯಲ್ಲೇ ಹಿಡಿದು ಓಡಿಬಂದು ಕೇಬಲ್ ಕಿತ್ತ. ಮಾಸ್ತರ ಬಾರಿಸಿದ್ದು ಒಂದೇ ಸ್ವರ; ಪಂಚರು ದಂಡ ಹಾಕುವ ಮಾತಾಡಿದರು. ಅವನ ಮುಖ ನೋಡಿದ್ದರೆ ಸತ್ಕಾರಕ್ಕೆ ಶಾಲು ಹೊದಿಸುವ ಮಾತು ನಡೆದಿದೆ ಅನ್ನಬೇಕು.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದಾಗಬೇಕು. ಹತ್ತಕ್ಕೆ ಜೀಪು ಬರುತ್ತದೆ, ಗಾಯಕರು ಇಳಿಯುತ್ತಾರೆ, ಪಂಕ್ತಿ ಕೂಡುತ್ತದೆ. ಮಾಸ್ತರ ಮಾತ್ರ ವೇದಿಕೆಯ ಮೇಲೆ ಎಲ್ಲರ ಕೇಬಲ್ ಸುತ್ತುತ್ತಿರುತ್ತಾನೆ. ಬೇರೆಯವರು ಮೊಣಕೈಗೆ ಸುತ್ತಿ ಒಳಗಿನ ತಂತಿ ಕಡಿಯುತ್ತಾರೆ ಎಂದು ಅವನಿಗೆ ಯಾರ ಮೇಲೂ ಭರವಸೆ ಇಲ್ಲ. ಅವನು ಕೈ ತೊಳೆದು ಬರುವಷ್ಟರಲ್ಲಿ ಮಟನ್ ಮುಗಿದು ಪಾಂಢರಾ ರಸ್ಸಾ ಮಾತ್ರ ಉಳಿದಿರುತ್ತದೆ. ನಿಮ್ಮ ಮನೆಯ ಹಳದಿಗೋ ಊರಿನ ಜಾತ್ರೆಗೋ ಈ ವರ್ಷ ಆರ್ಕೆಸ್ಟ್ರಾ ಕರೆಸುವವರಿದ್ದರೆ, ಮಿಕ್ಸರಿನವನಿಗೆ ಬೇಸಿನ ಗುಂಡಿ ಸ್ವಲ್ಪ ಮೇಲೇರಿಸಲು ಹೇಳಿ. ಅದಾಗದಿದ್ದರೆ ಬಡಿಸುವವರಿಗಾದರೂ ಹೇಳಿ, ಎರಡು ತುಂಡು ತೆಗೆದಿಡಲಿ.