ಲೆಕ್ಕದ ಕಾಕಾ

ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ಪಟ್ಟಿಯ ಲೆಕ್ಕ ಓದುವಾಗ ನೋಡಬೇಕು, ನಮ್ಮ ಜನರ ಗಣಿತ! ಹೂವಿನ ಖರ್ಚಿನಲ್ಲಿ ಐವತ್ತು ರೂಪಾಯಿ ಹೆಚ್ಚಾದರೆ ಹತ್ತು ಮಂದಿ ಎದ್ದು ನಿಲ್ಲುತ್ತಾರೆ. ಅದೇ ಮಂದಿ ಪಂಚಾಯ್ತಿಯ ಲಕ್ಷಗಳ ಮುಂದೆ ಬೀಗರ ಮನೆಗೆ ಬಂದವರಂತೆ ಮೆತ್ತಗೆ ಕೂತು, ಕೊಟ್ಟ ಚಹಾ ಕುಡಿದು, ‘ಭಾಳ ಛಲೋ ಆತ್ರಿ’ ಎಂದು ಎದ್ದು ಬರುತ್ತಾರೆ. ಈ ಬೀಗತನಕ್ಕೆ ಒಗ್ಗದವರು ಊರಿಗೊಬ್ಬರಿರುತ್ತಾರೆ. ಅವರೇ ಲೆಕ್ಕದ ಕಾಕಾ.

ಜಕ್ಕಲಿಯ ಚಹಾದಂಗಡಿಯಲ್ಲಿ ಒಬ್ಬರು, ಗಜೇಂದ್ರಗಡದ ಸಂತೆಯಲ್ಲಿ ಇನ್ನೊಬ್ಬರು, ಕಾಕಾಗಳಿಗೆ ಬರವಿಲ್ಲ. ಬಗಲಲ್ಲಿ ಕೈಚೀಲ, ಅದರ ತುಂಬ ಝೆರಾಕ್ಸ್ ಇದ್ದರೆ ಅವರೇ ಎಂದು ತಿಳಿಯಿರಿ. ಜಕ್ಕಲಿಯವರಿಗೆ ಒಂದು ಅಸ್ತ್ರ ಹೆಚ್ಚು. “ಅಂದಾನಪ್ಪ ದೊಡ್ಡಮೇಟಿಯವರ ಊರಪಾ ಇದು. ಹರದು ಹಂಚಿಹೋದ ಕನ್ನಡ ನಾಡು ಕೂಡ್ಸಾಕ ಹೊಡದಾಡಿದವ್ರು. ನಮಗ ಒಂದು ಗಟಾರದ ಖರ್ಚು ಕೂಡ್ಸಾಕ ಬರೂದಿಲ್ಲಂದ್ರ ಹೆಂಗ?”

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು; ಕಾಕಾರ ಎರಡನೇ ಯೌವನವೂ ಆಗಲೇ ಬಂತು. ಹತ್ತು ರೂಪಾಯಿ ಶುಲ್ಕ ಅವರಿಗೆ ಭಾರವಲ್ಲ. ಆದರೆ ಅರ್ಜಿ 150 ಪದ ದಾಟಬಾರದೆಂಬ ಕರ್ನಾಟಕದ ನಿಯಮವಿದೆಯಲ್ಲ, ಅದು ಮಾತ್ರ ಎದೆಗೆ ನಾಟಿದ ಮುಳ್ಳು. ಅವರ ಪೀಠಿಕೆಗೇ ಮುನ್ನೂರು ಪದ ಬೇಕು. 30 ದಿನಕ್ಕೆ ಬರುವ ಉತ್ತರಕ್ಕೋ ಎರಡೇ ಪದ ಸಾಕು: ‘ಕಡತ ಲಭ್ಯವಿಲ್ಲ’.

ಆದ್ದರಿಂದ ಕಾಕಾರ ನಿಜವಾದ ಹಬ್ಬ ಜಮಾಬಂದಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿ ತನ್ನ ಹಿಂದಿನ ವರ್ಷದ ದಫ್ತರ ಬಿಚ್ಚಿ ಊರ ಮುಂದೆ ಇಡಬೇಕು, ಮಾಡಿದ ಕಾಮಗಾರಿ ತೋರಿಸಬೇಕು. ಗಣಪ್ಪನೂ ಸಾಮಾನ್ಯವಾಗಿ ಅದೇ ಹೊತ್ತಿಗೆ ಬರುವುದರಿಂದ ಊರ ಚಿತ್ತವೆಲ್ಲ ಮಂಟಪದ ಕಡೆ. ಕಾಕಾ ಮಾತ್ರ ಮುಂದಿನ ಕುರ್ಚಿಯಲ್ಲಿ.

“ಸಾಹೇಬ್ರ, 15ನೇ ಹಣಕಾಸು ಆಯೋಗದ ರೊಕ್ಕದಾಗ ನೂರಕ್ಕ ಅರವತ್ತು ನೀರಿಗೆ, ಸ್ವಚ್ಛತೆಗೆ ಅಂತ ಕಟ್ಟಿ ಕೊಟ್ಟಾರ. ಗಟಾರದ ಹೂಳು ತಗದ ಬಿಲ್ ಐತಿ. ಹೂಳೂ ಅಲ್ಲೇ ಐತಿ. ಎರಡ್ರಾಗ ಯಾವ್ದು ಖರೇ?”

ಪಿಡಿಒ ಸಾಹೇಬರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಪಿಡಿಒ ಮುಖ ನೋಡಿದರು. ರೊಕ್ಕ ತೆಗೆಯಲು ಇಬ್ಬರ ಸಹಿಯೂ ಬೇಕೆಂದು ಕಾನೂನು ಮಾಡಿದ್ದು ಒಬ್ಬರನ್ನೊಬ್ಬರು ಕಾಯಲಿ ಎಂದು, ಕಾಯುವುದೇನೋ ಕಾಯುತ್ತಾರೆ.

ಆಗ ಎದ್ದವನು ಬಿಲ್ ಕಲೆಕ್ಟರ್. ಅವನ ಕೈಯಲ್ಲಿ ಬೇಡಿಕೆ ವಹಿ. “ಕಾಕಾರ, ನಿಮ್ಮ ಮನಿ ಕರ ಮೂರು ವರ್ಷದ್ದು ಬಾಕಿ ಐತಲ್ರೀ?”

ಸಭೆಯೆಲ್ಲ ನಕ್ಕಿತು. ಗಟಾರದ ಪ್ರಶ್ನೆ ಅಲ್ಲೇ ಗಟಾರ ಸೇರಿತು. ಕಾಕಾ ಕೈಚೀಲ ಎತ್ತಿಕೊಂಡು ಹೊರನಡೆದರು.

ಸೋತರೆಂದು ತಿಳಿದಿರೋ, ನಿಮಗೆ ಕಾಕಾ ಗೊತ್ತಿಲ್ಲ. ಮುಂದಿನ ಗ್ರಾಮಸಭೆಗೆ ಅವರು ಬಂದದ್ದು ಪಾವತಿ ಹಿಡಿದು. ಮೂರು ವರ್ಷದ ಬಾಕಿ, ದಂಡ, ನೀರಿನ ಕರ, ಎಲ್ಲ ಚುಕ್ತಾ. ಮೈಕು ಕಸಿದುಕೊಂಡು ಅಂದರು: “ಇಷ್ಟು ದಿನ ಇದು ಸರ್ಕಾರದ ರೊಕ್ಕ ಅಂತಿದ್ರಿ. ಇದ್ರಾಗ ಈಗ ನನ್ನ ರೊಕ್ಕ ಐತಿ. ಜಾತ್ರಿ ಪಟ್ಟಿ ಕೊಟ್ಟವ ಲೆಕ್ಕ ಕೇಳ್ತಾನ, ಮನಿ ಕರ ಕಟ್ಟಿದವ ಕೇಳಬಾರದೇನು?”

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಕಿಸೆಗೆ ಕೈ ಹಾಕಿದ, “ನಂದೆಷ್ಟೈತಿ ನೋಡ್ರಿ” ಎಂದ. ಇನ್ನೊಬ್ಬ ನೋಟು ಎಣಿಸತೊಡಗಿದ. ನೋಡನೋಡುತ್ತ ಕರ ಕಟ್ಟಲು ಪಾಳಿ ಹತ್ತಿತು. ವಸೂಲಿ ಆಗುತ್ತಿಲ್ಲವೆಂದು ವರ್ಷವಿಡೀ ಗೋಳಾಡುವ ಬಿಲ್ ಕಲೆಕ್ಟರ್, ಪಿಡಿಒ ಸಾಹೇಬರ ಕಣ್ಸನ್ನೆ ನೋಡಿದವನೇ ವಹಿ ಮುಚ್ಚಿ, ಪಾಳಿಯವರಿಗೆ ಕೈಮುಗಿದ:

“ಅವಸರ ಏನಿಲ್ರೀ ಯಜಮಾನ್ರ, ಮುಂದಿನ ವರ್ಷ ಕಟ್ಟಿದ್ರೂ ನಡೀತೈತಿ!”