ಗೊತ್ತಿಲ್ಲದ್ದು ಗಾಯಕಿಗೆ ಮಾತ್ರ

ಸಾರಾ ಬ್ರೈಟ್‌ಮನ್ ಮುಂದೇನು ಮಾಡುತ್ತಾರೆ ಎಂಬುದು ಸಾರಾ ಬ್ರೈಟ್‌ಮನ್ ಒಬ್ಬರನ್ನು ಬಿಟ್ಟು ಅವರ ಅಭಿಮಾನಿಗಳೆಲ್ಲರಿಗೂ ಗೊತ್ತು. ಅವರು ಆರು ತಿಂಗಳು ಸುಮ್ಮನಿದ್ದರೆ ಹೊಸ ಆಲ್ಬಂ ಬರುತ್ತಿದೆ ಎಂದರ್ಥ. ಒಂದು ವರ್ಷ ಸುಮ್ಮನಿದ್ದರೆ ಭಾರೀ ಆಲ್ಬಂ. ಎರಡು ವರ್ಷ ದಾಟಿದರೆ ಗಂಟಲಿಗೆ ಏನೋ ಆಗಿದೆ, ಪಾಪ, ಹೇಳಿಕೊಳ್ಳುತ್ತಿಲ್ಲ. ಸಂದರ್ಶನದಲ್ಲಿ ಬಾಯಿತಪ್ಪಿ ಟೋಕಿಯೋದ ಊಟ ಚೆನ್ನಾಗಿತ್ತು ಎಂದರೋ, ಮುಂದಿನ ಹಾಡುಗಳು ಜಪಾನಿ ಭಾಷೆಯವು. ತುರುಬು ಕಟ್ಟಿಕೊಂಡು ಬಂದರೆ ಒಪೆರಾ, ಕೂದಲು ಬಿಟ್ಟುಕೊಂಡು ಬಂದರೆ ಪಾಪ್, ಟೋಪಿ ಹಾಕಿಕೊಂಡು ಬಂದರೆ ಅಭಿಮಾನಿಗಳಲ್ಲಿ ಎರಡು ಬಣ. ಈ ಶಾಸ್ತ್ರಕ್ಕೆ ಪಂಚಾಂಗ ಬೇಕಿಲ್ಲ, ಪುರುಸೊತ್ತು ಇದ್ದರೆ ಸಾಕು.

ಬೇರೆ ಗಾಯಕರ ಸುತ್ತ ಇಷ್ಟು ಜನ ಕಾಲಜ್ಞಾನಿಗಳು ಹುಟ್ಟುವುದಿಲ್ಲ. ಒಪೆರಾದ ದೊಡ್ಡ ಗಾಯಕಿ ಮೂರು ವರ್ಷ ಆಚೆಗಿನ ಮಾರ್ಚ್ ತಿಂಗಳಲ್ಲಿ ಯಾವ ಊರಿನ ರಂಗಮಂದಿರದಲ್ಲಿ ಯಾವ ಪಾತ್ರ ಹಾಕಿ ಕ್ಷಯರೋಗದಿಂದ ಸಾಯುತ್ತಾಳೆ ಎಂಬುದು ಇವತ್ತೇ ಡೈರಿಯಲ್ಲಿ ಬರೆದಿಟ್ಟಿರುತ್ತದೆ. ಊಹೆಗೆ ಜಾಗವೇ ಇಲ್ಲ. ಪಾಪ್ ಗಾಯಕಿ ನಾಳೆಯೂ ಪಾಪ್ ಹಾಡುತ್ತಾಳೆ. ಇವೆರಡರ ನಡುವೆ ನಿಂತವರು ಬ್ರೈಟ್‌ಮನ್‌ರಂಥ ಕ್ರಾಸ್‌ಓವರ್‌ನವರು. ಹಾಗೆಂದರೇನು ಎಂದು ಕೇಳುವವರಿಗೆ ಹೇಳಬೇಕೆಂದರೆ, ನಮ್ಮ ಕಚೇರಿಗಳಲ್ಲಿ ಪಲ್ಲವಿ, ತನಿ ಆವರ್ತನ ಎಲ್ಲ ಮುಗಿದು, ಮುಂದಿನ ಸಾಲಿನ ಹಿರಿಯರು ಶಾಲು ಹೊದ್ದು ಎದ್ದು ಹೊರಟ ಮೇಲೆ ಹಾಡುವ ತುಕ್ಕಡಗಳಿವೆಯಲ್ಲ, ಅವನ್ನೇ ಒಟ್ಟುಗೂಡಿಸಿ, ಹಿಂದೆ ವಯಲಿನ್‌ಗಳ ದಂಡು, ಮುಂದೆ ಹೊಗೆಯಂತ್ರ ಇಟ್ಟು, ಇಡೀ ಸಂಜೆಯ ಕಚೇರಿ ಮಾಡಿದ ಹಾಗೆ. ಶಾಸ್ತ್ರೀಯದವರು ಇದು ಸಂಗೀತವೇ ಅಲ್ಲ ಎನ್ನುತ್ತಾರೆ. ಪಾಪ್‌ನವರು ಇದು ಅಜ್ಜಿಯರಿಗೆ ಎನ್ನುತ್ತಾರೆ. ಟಿಕೆಟ್ ಮಾತ್ರ ಖರ್ಚಾಗುತ್ತದೆ. ಗಡಿ ಕಾಯುವವರೂ ಇದ್ದಾರೆ: ಬಾಂಡ್ ಎಂಬ ನಾಲ್ವರು ಯುವತಿಯರ ತಂತಿವಾದ್ಯದ ತಂಡ 2000ದಲ್ಲಿ ‘ಬಾರ್ನ್’ ಎಂಬ ಆಲ್ಬಂ ತಂದಾಗ, ಇದು ತೀರಾ ಪಾಪ್ ಆಯಿತೆಂದು ಬ್ರಿಟನ್ನಿನ ಶಾಸ್ತ್ರೀಯ ಪಟ್ಟಿಯಿಂದ ಅದನ್ನು ಕಿತ್ತುಹಾಕಿದ್ದರು.

ಹೀಗೆ ಎರಡೂ ಮನೆಯವರು ಹೊರಗಿಟ್ಟ ಗಾಯಕಿಗೆ ಮೂರನೆಯ ಮನೆ ಎಲ್ಲಿ ಕಟ್ಟಬೇಕು, ಬಾಗಿಲು ಯಾವ ದಿಕ್ಕಿಗಿಡಬೇಕು ಎಂದು ಹೇಳುವ ಹೊಣೆಯನ್ನು ಅಭಿಮಾನಿ ತಾನಾಗಿ ಹೊತ್ತುಕೊಂಡಿದ್ದಾನೆ. ಸಂಬಳವಿಲ್ಲ, ರಜೆಯೂ ಇಲ್ಲ.

ಅವನ ದಾಖಲೆ ಹೇಗಿದೆ ನೋಡೋಣ. 1978ರಲ್ಲಿ ಬ್ರೈಟ್‌ಮನ್ ಹದಿನೆಂಟರ ಹುಡುಗಿ, ಹಾಟ್ ಗಾಸಿಪ್ ಎಂಬ ನೃತ್ಯತಂಡದ ಜೊತೆ ಬಾಹ್ಯಾಕಾಶ ಯೋಧನೊಬ್ಬನಿಗೆ ಮನಸೋತ ಡಿಸ್ಕೋ ಹಾಡು ಹಾಡಿದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಏರಿತು. ಅಂದಿನ ಯಾವ ಬುದ್ಧಿವಂತನನ್ನು ಕೇಳಿದ್ದರೂ, ಇನ್ನೆರಡು ವರ್ಷ ಹೀಗೇ ಕುಣಿದು ಆಮೇಲೆ ಮರೆಯಾಗುತ್ತಾಳೆ ಎನ್ನುತ್ತಿದ್ದ. ಮೂರು ವರ್ಷ ಕಳೆಯುವಷ್ಟರಲ್ಲಿ ಲಂಡನ್ನಿನ ರಂಗದ ಮೇಲೆ ‘ಕ್ಯಾಟ್ಸ್’ ನಾಟಕದ ಬೆಕ್ಕಾಗಿದ್ದರು. 1984ರಲ್ಲಿ ಆ ಬೆಕ್ಕುಗಳಿಗೆ ಸಂಗೀತ ಕೊಟ್ಟ ಆಂಡ್ರ್ಯೂ ಲಾಯ್ಡ್ ವೆಬರ್ ಅವರನ್ನೇ ಮದುವೆಯಾದರು. ಸರಿ, ಇನ್ನು ಸಂಸಾರ ಎಂದು ಜನ ತೀರ್ಮಾನಿಸಿದರೆ, 1985ರಲ್ಲಿ ಒಪೆರಾ ಗಾಯಕ ಪ್ಲಾಸಿಡೊ ಡೊಮಿಂಗೊ ಜೊತೆ ನಿಂತು ಲ್ಯಾಟಿನ್ ಭಾಷೆಯ ‘ರೆಕ್ವಿಯಂ’ ಹಾಡಿದರು. 1986ರಲ್ಲಿ ಗಂಡನದೇ ನಾಟಕ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ದ ನಾಯಕಿ ಕ್ರಿಸ್ಟೀನ್ ಆದರು.

ನಾಟಕ ನ್ಯೂಯಾರ್ಕಿಗೆ ಹೊರಟಾಗ ಭವಿಷ್ಯ ಬರೆಯುವ ಕೆಲಸವನ್ನು ಅಭಿಮಾನಿಗಳಿಂದ ಅಮೆರಿಕದ ನಟರ ಸಂಘ ಕಿತ್ತುಕೊಂಡಿತು. ಈ ಹೊರದೇಶದವಳು ಇಲ್ಲಿ ಆ ಪಾತ್ರ ಮಾಡುವಂತಿಲ್ಲ ಎಂದರು. ಅವಳಿಲ್ಲದೆ ನಾಟಕವೇ ಇಲ್ಲ ಎಂದರು ಯಜಮಾನರು. ಕೊನೆಗೆ, ನಿಮ್ಮ ಮುಂದಿನ ಲಂಡನ್ ನಾಟಕದಲ್ಲಿ ಅಮೆರಿಕದವರೊಬ್ಬರಿಗೆ ಮುಖ್ಯಪಾತ್ರ ಕೊಡಿ ಎಂಬ ಕೊಡುಕೊಳೆಯ ಮೇಲೆ ರಾಜಿ ಆಯಿತು. ಸೊಸೆ ತರುವಾಗಲೂ ನಮ್ಮಲ್ಲಿ ಇಷ್ಟು ಮಾತುಕತೆ ನಡೆಯುವುದಿಲ್ಲ.

1990ರಲ್ಲಿ ವಿಚ್ಛೇದನ. ಕತೆ ಮುಗಿಯಿತು ಎಂಬುದರಲ್ಲಿ ಈ ಸಲ ಒಮ್ಮತವಿತ್ತು. ಹಾಡು ಬರೆಯುತ್ತಿದ್ದವನೇ ಹೋದ ಮೇಲೆ ಹಾಡುವುದೇನು? ಆಕೆ ಜರ್ಮನಿಯ ದಾರಿ ಹಿಡಿದು, ಫ್ರಾಂಕ್ ಪೀಟರ್‌ಸನ್ ಎಂಬ ನಿರ್ಮಾಪಕರ ಜೊತೆ 1993ರಲ್ಲಿ ಕಡಲನ್ನೇ ಕುರಿತ ಆಲ್ಬಂ ತಂದರು. ಹೆಸರು ‘ಡೈವ್’. ಆಮೇಲೆ ‘ಫ್ಲೈ’. 2000ದಲ್ಲಿ ‘ಲಾ ಲೂನಾ’. ಮೊದಲು ನೀರು, ಆಮೇಲೆ ಗಾಳಿ, ಆಮೇಲೆ ಚಂದ್ರ. ಎಲ್ಲಿಗೆ ಹೊರಟಿದ್ದೇನೆ ಎಂದು ಆಲ್ಬಮಿನ ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಲೇ ಬಂದರು. ಅಭಿಮಾನಿಗಳು ಆ ಹೊತ್ತಿನಲ್ಲಿ ತುರುಬನ್ನು ಗಮನಿಸುತ್ತಿದ್ದರು.

2012ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಪತ್ರಿಕಾಗೋಷ್ಠಿ ಕರೆದರು. ಮಾಸ್ಕೋ ಎಂದೊಡನೆ ರಷ್ಯನ್ ಹಾಡುಗಳ ಸಂಕಲನ ಎಂದುಕೊಳ್ಳುವುದು ಶಾಸ್ತ್ರಸಮ್ಮತ. ಆಕೆ ಹೇಳಿದ್ದು, ನಾನು ಬಾಹ್ಯಾಕಾಶಕ್ಕೆ ಹೋಗುತ್ತಿದ್ದೇನೆ. ಸೋಯುಜ್ ನೌಕೆ ಏರಿ, ಭೂಮಿಯಿಂದ ಸುಮಾರು 400 ಕಿಲೋಮೀಟರ್ ಮೇಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೆಲದಿನ ಇದ್ದು ಬರುತ್ತೇನೆ. ಟಿಕೆಟ್ಟಿಗೆ 5 ಕೋಟಿ ಡಾಲರ್ ಮೀರುತ್ತದೆ ಎಂದು ಪತ್ರಿಕೆಗಳು ಬರೆದವು.

ಭವಿಷ್ಯ ನುಡಿದು ಬದುಕುವ ಯಾವ ವೃತ್ತಿಗೂ ಇಂಥ ಪೆಟ್ಟು ಬಿದ್ದಿರಲಾರದು. ಮೂವತ್ತು ವರ್ಷ ಈ ಹೆಂಗಸಿನ ಉಸಿರು ಎಣಿಸಿದವರ ಪಟ್ಟಿಯಲ್ಲಿ ಕ್ರಿಸ್‌ಮಸ್ ಆಲ್ಬಂ ಇತ್ತು, ಲಾಸ್ ವೇಗಾಸ್ ಇತ್ತು, ಇಟಲಿಯ ಗಾಯಕ ಆಂದ್ರೆಯಾ ಬೊಚೆಲ್ಲಿ ಜೊತೆ ಮತ್ತೊಂದು ಯುಗಳಗೀತೆ ಅಂತೂ ಸದಾ ಇತ್ತು. ರಾಕೆಟ್ ಇರಲಿಲ್ಲ. ಆದರೆ ಅಭಿಮಾನಿಯ ದೊಡ್ಡತನ ಇರುವುದೇ ಇಲ್ಲಿ. ಹೊಡೆತ ತಿಂದು ಕೆಳಗೆ ಬಿದ್ದವನು ಏಳುವಾಗಲೇ ಧೂಳು ಕೊಡವಿ, ನನಗೆ ಮೊದಲೇ ಅನ್ನಿಸಿತ್ತು ಎನ್ನುತ್ತಾನೆ. 1978ರ ಡಿಸ್ಕೋ ಹಾಡನ್ನು ತೆಗೆದು, ನೋಡಿ, ಆಗಲೇ ಸೂಚನೆ ಕೊಟ್ಟಿದ್ದರು ಎನ್ನುತ್ತಾನೆ. ಹಳೆಯದೆಲ್ಲ ಮುನ್ಸೂಚನೆಯಾಗುವುದು ಘಟನೆ ನಡೆದ ಮಾರನೆಯ ದಿನ.

ಅಲ್ಲಿಂದ ಹೊಸ ಪ್ರಶ್ನೆಗಳು ಶುರು. ತೂಕವೇ ಇಲ್ಲದ ಜಾಗದಲ್ಲಿ ಏರುಶ್ರುತಿ ಹಿಡಿಯಲು ಹೊಟ್ಟೆಯಿಂದ ಉಸಿರು ಹೇಗೆ ಕೊಡುತ್ತಾರೆ? ಯಾವ ಹಾಡು? 2015ರ ಜನವರಿಯಲ್ಲಿ ಆಕೆ ಮಾಸ್ಕೋ ಬಳಿಯ ಸ್ಟಾರ್ ಸಿಟಿಗೆ ಹೋಗಿ ತರಬೇತಿಗೆ ಕೂತರು. ಬಾಹ್ಯಾಕಾಶದಿಂದ ಹಾಡುವುದಕ್ಕೆ ಹಳೆಯ ಗಂಡ ಲಾಯ್ಡ್ ವೆಬರ್ ಜೊತೆ ಸೇರಿ ಹಾಡೊಂದನ್ನು ಸಿದ್ಧಮಾಡುತ್ತಿರುವುದಾಗಿ ಹೇಳಿದರು. ಅಭಿಮಾನಿಗಳಿಗೆ ಬಾಹ್ಯಾಕಾಶ ಆ ಕ್ಷಣವೇ ಮರೆತುಹೋಯಿತು. ಮತ್ತೆ ಒಂದಾಗುತ್ತಾರಾ? ಮತ್ತೆ ನಾಟಕ ಬರೆಯುತ್ತಾರಾ? ಮನುಷ್ಯ ಗುರುತ್ವಾಕರ್ಷಣೆಯನ್ನು ಮೀರಬಹುದು, ಮಾಜಿ ಗಂಡನ ಸುದ್ದಿಯನ್ನು ಮೀರುವುದು ಕಷ್ಟ.

ಅದೇ ವರ್ಷ ಮೇ ತಿಂಗಳಲ್ಲಿ ಕೌಟುಂಬಿಕ ಕಾರಣ ಎಂದು ಹೇಳಿ ಯಾನದಿಂದ ಹಿಂದೆ ಸರಿದರು. ಸೆಪ್ಟೆಂಬರ್‌ನಲ್ಲಿ ಆ ಸೀಟಿನಲ್ಲಿ ಕೂತು ಹೋದವರು ಕಜಕಸ್ತಾನದ ಗಗನಯಾತ್ರಿ ಐದಿನ್ ಐಂಬೆತೊವ್. ಅವರ ಮುಂದಿನ ಆಲ್ಬಂ ಯಾವುದು ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ಈ ಕಾಲಜ್ಞಾನದಲ್ಲಿ ಭವಿಷ್ಯಕಾಲ ಎಂಬುದೇ ಇಲ್ಲ. 1986ರಲ್ಲಿ ಕ್ರಿಸ್ಟೀನಳನ್ನು ನೋಡಿ ಮರುಳಾದವನು, ಮುಂದೆ ಆಕೆ ರಂಗಭೂಮಿಗೆ ಮರಳುತ್ತಾರೆ ಎನ್ನುತ್ತಾನೆ. ತೊಂಬತ್ತರ ದಶಕದಲ್ಲಿ ಬೊಚೆಲ್ಲಿಯ ಪಕ್ಕ ನೋಡಿದವನು, ಇಟಾಲಿಯನ್ ಹಾಡುಗಳ ಕಾಲ ಬರಲಿದೆ ಎನ್ನುತ್ತಾನೆ. 2003ರಲ್ಲಿ ಅರಬ್ಬೀ ಧಾಟಿಯ ‘ಹರೆಮ್’ ಕೊಂಡವನಿಗೆ ಪೂರ್ವದಿಕ್ಕೇ ಕಾಣುತ್ತಿರುತ್ತದೆ. ಯಾರನ್ನು ಕೇಳಿದರೂ ಮುಂದಿನ ಹೆಜ್ಜೆ ಎಂದು ತೋರಿಸುವುದು ತಮ್ಮ ಮನೆಯ ಕಪಾಟಿನಲ್ಲಿ ಆಗಲೇ ಇರುವ ಡಿಸ್ಕನ್ನು. ಗಡಿ ದಾಟುವುದೇ ಕಸುಬಾದವಳನ್ನು ಮೆಚ್ಚಿಕೊಂಡು, ಆಕೆ ತಾವು ಮೊದಲು ನೋಡಿದ ಜಾಗದಲ್ಲೇ ನಿಂತಿರಬೇಕು ಎಂದು ಹಟ ಹಿಡಿಯುವುದಕ್ಕೆ ಅಭಿಮಾನ ಎಂದು ಹೆಸರು.

ಹಟ ಎಲ್ಲ ಸಲವೂ ನಗುವ ಸಂಗತಿಯಲ್ಲ. ವೇಲ್ಸ್‌ನ ಷಾರ್ಲಟ್ ಚರ್ಚ್ 1998ರಲ್ಲಿ ತನ್ನ ಹನ್ನೆರಡನೇ ವಯಸ್ಸಿನಲ್ಲಿ ‘ವಾಯ್ಸ್ ಆಫ್ ಆನ್ ಏಂಜಲ್’ ಆಲ್ಬಂ ತಂದಾಗ ದೇಶಕ್ಕೆ ದೇಶವೇ ಆ ಹುಡುಗಿಯ ಜಾತಕ ಬರೆಯಲು ಕೂತಿತು. ದೇವತೆಯ ಕಂಠ, ಆದ್ದರಿಂದ ಒಪೆರಾ, ಆದ್ದರಿಂದ ಸದಾ ಬಿಳಿ ಗೌನು. ದೇವತೆಗೆ ವಯಸ್ಸಾಗಬಾರದೆಂಬ ಷರತ್ತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ವಯಸ್ಸಾಗುವುದಕ್ಕೇ ಕಾದು ಕೂತಿದ್ದವರು ಇನ್ನೊಂದು ಕಡೆ ಇದ್ದರು. 16ನೇ ಹುಟ್ಟುಹಬ್ಬಕ್ಕೆ ಎಷ್ಟು ದಿನ ಉಳಿಯಿತು ಎಂದು ಎಣಿಸುವ ಗಡಿಯಾರವೊಂದು ಅಂತರ್ಜಾಲದಲ್ಲಿ ಓಡುತ್ತಿತ್ತು ಎಂದು ಆಕೆ 2011ರಲ್ಲಿ ಪತ್ರಿಕೆಗಳ ನಡತೆ ಕುರಿತ ಲೆವೆಸನ್ ವಿಚಾರಣೆಯ ಮುಂದೆ ಸಾಕ್ಷ್ಯ ಹೇಳಿದರು. ಕೆಲವು ಪತ್ರಕರ್ತರಿಗೆ ಊಹಿಸುವ ಶ್ರಮವೂ ಬೇಡವಾಗಿತ್ತು. ಮನೆಯವರ ಫೋನಿನ ಸಂದೇಶಗಳನ್ನೇ ಕದ್ದು ಕೇಳಿದರು, 2012ರಲ್ಲಿ ಪತ್ರಿಕೆಯ ಮಾಲೀಕರು 6 ಲಕ್ಷ ಪೌಂಡ್ ತೆತ್ತು ರಾಜಿಯಾದರು. ಮುಂದಿನ ಹೆಜ್ಜೆ ತಿಳಿಯುವ ಖಚಿತ ವಿಧಾನಕ್ಕೆ ಅಷ್ಟು ಬೆಲೆ ಇದೆ.

2005ರಲ್ಲಿ ಆಕೆ ‘ಕ್ರೇಜಿ ಚಿಕ್’ ಎಂಬ ಪಾಪ್ ಹಾಡು ಬಿಟ್ಟಾಗ, ತೀರಿಕೊಂಡವರ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡವರು ಎಷ್ಟೋ ಜನ. ಹಾಡಿದವಳು ಮಾತ್ರ ಗಟ್ಟಿಮುಟ್ಟಾಗಿದ್ದಳು. ಆಮೇಲೆ ಟೀವಿಯಲ್ಲಿ ತನ್ನದೇ ಕಾರ್ಯಕ್ರಮ ನಡೆಸಿದರು, ‘ಲೇಟ್ ನೈಟ್ ಪಾಪ್ ಡಂಜನ್’ ಎಂಬ ತಂಡ ಕಟ್ಟಿ ನಡುರಾತ್ರಿ ಜನರನ್ನು ಕುಣಿಸಿದರು, ಈಗ ವೇಲ್ಸ್‌ನ ಗುಡ್ಡದ ನಡುವೆ ದಣಿದವರಿಗಾಗಿ ವಿಶ್ರಾಂತಿಧಾಮ ನಡೆಸುತ್ತಾರೆ. ಇಷ್ಟಾದರೂ, ಒಪೆರಾಗೆ ಯಾವಾಗ ಬರುತ್ತಾರೆ ಎಂದು ಕೇಳುವ ಒಬ್ಬ ಪುಣ್ಯಾತ್ಮ ಎಲ್ಲೋ ಇದ್ದೇ ಇರುತ್ತಾನೆ.

ಈ ಪೂರ್ತಿ ಒಪೆರಾದ ಚಪಲ ಒಂದು ಬಿಡದ ಕಾಯಿಲೆ. ಆಂದ್ರೆಯಾ ಬೊಚೆಲ್ಲಿ ಕೋಟಿಗಟ್ಟಲೆ ಡಿಸ್ಕ್ ಮಾರಿದ ಮೇಲೂ, ಪೂರ್ತಿ ಒಪೆರಾ ಹಾಡಿದರೆ ನೋಡೋಣ ಎಂದರು. 1999ರಲ್ಲಿ ಡೆಟ್ರಾಯಿಟ್‌ನಲ್ಲಿ ‘ವೆರ್ತರ್’ ಪೂರ್ತಿ ಹಾಡಿದರು. ಯಾಕೆ ಹಾಡಿದರೋ ಎಂದು ಬರೆದರು ವಿಮರ್ಶಕರು. ವೇಲ್ಸ್‌ನವರೇ ಆದ ಗಾಯಕಿ ಕ್ಯಾಥರೀನ್ ಜೆಂಕಿನ್ಸ್ ವಿಷಯದಲ್ಲೂ ‘ಕಾರ್ಮೆನ್’ ಯಾವಾಗ ಎಂಬ ಹಳೇ ರಾಗ. ಆಕೆ 2010ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಕ್ರಿಸ್‌ಮಸ್ ಕಂತಿನಲ್ಲಿ ನಟಿಸಿ, 2012ರಲ್ಲಿ ಅಮೆರಿಕದ ಟೀವಿ ನೃತ್ಯಸ್ಪರ್ಧೆಯಲ್ಲಿ ಎರಡನೇ ಸ್ಥಾನ ಗೆದ್ದು ಬಂದರು. ಕೇಳಿದವರಿಗೆ ಅದು ಉತ್ತರ ಎಂದು ಇನ್ನೂ ಹೊಳೆದಿಲ್ಲ.

ಒಮ್ಮೊಮ್ಮೆ ಭವಿಷ್ಯ ನಿಜವಾಗುತ್ತದೆ. ಅದಕ್ಕಿಂತ ದೊಡ್ಡ ಆಪತ್ತು ಬೇರೆ ಇಲ್ಲ. 2024ರ ಮೇ ತಿಂಗಳಲ್ಲಿ, ಮೂರು ದಶಕಕ್ಕೂ ಮೀರಿದ ಬಿಡುವಿನ ನಂತರ ಬ್ರೈಟ್‌ಮನ್ ಸಂಗೀತನಾಟಕಕ್ಕೆ ಮರಳಿದರು. ಮೆಲ್ಬರ್ನ್‌ನ ಪ್ರಿನ್ಸೆಸ್ ರಂಗಮಂದಿರ. ಲಾಯ್ಡ್ ವೆಬರ್ ಅವರದೇ ‘ಸನ್‌ಸೆಟ್ ಬುಲೆವಾರ್ಡ್’. ಪಾತ್ರ ನಾರ್ಮಾ ಡೆಸ್ಮಂಡ್: ಜಗತ್ತು ಮರೆತ ಮೂಕಿಚಿತ್ರದ ತಾರೆ, ಅಭಿಮಾನಿಗಳು ತನ್ನ ಮರುಪ್ರವೇಶಕ್ಕೆ ಕಾದು ಕೂತಿದ್ದಾರೆಂದು ನಂಬಿದವಳು. ಇಲ್ಲಿ ನಿಜಕ್ಕೂ ಕಾದು ಕೂತಿದ್ದರು. 1986ರ ಬಣ ಗೆದ್ದಿತ್ತು, ಕೇಳಿದ್ದೆಲ್ಲ ಕೈಗೆ ಬಂದಿತ್ತು. ಪರದೆ ಎದ್ದ ಮೇಲೆ ಕಂಡದ್ದು 63 ವರ್ಷದ ಕಲಾವಿದೆ. ಇದು ಅಭಿಮಾನಿಗಳಿಗೆ ಅನ್ಯಾಯವಾಗಿ ಕಂಡಿರಬೇಕು. ವಿಮರ್ಶೆಗಳು ತಣ್ಣಗಿದ್ದವು. ರಂಗಕ್ಕೆ ಮರಳಿ ಎಂದು ಕೇಳಿಕೊಂಡವರು, ಮರಳುವಾಗ 26ರ ವಯಸ್ಸನ್ನೂ ತನ್ನಿ ಎಂದು ಹೇಳುವುದನ್ನು ಮರೆತಿದ್ದರು.

ಈಗ ಉಳಿದಿರುವ ಊಹೆ ಒಂದೇ, ನಿವೃತ್ತಿ. ಅದಕ್ಕೂ ಪುರಾವೆ ಇದೆ: ಪ್ರತಿ ಕಾರ್ಯಕ್ರಮದಲ್ಲೂ ‘ಟೈಮ್ ಟು ಸೇ ಗುಡ್‌ಬೈ’ ಹಾಡುತ್ತಾರಲ್ಲ! ಸುಮಾರು ಮೂವತ್ತು ವರ್ಷದಿಂದ ಹಾಡುತ್ತಿದ್ದಾರೆ ಎಂಬುದು ಪುರಾವೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಆ ಯುಗಳಗೀತೆಯನ್ನು ಬೊಚೆಲ್ಲಿ ಜೊತೆ ಮೊದಲು ಹಾಡಿದ್ದು ಜರ್ಮನಿಯ ಮುಷ್ಟಿಯೋಧ ಹೆನ್ರಿ ಮಾಸ್ಕೆಯ ಬೀಳ್ಕೊಡುಗೆಗೆ. 1996ರ ನವೆಂಬರ್, ಮ್ಯೂನಿಕ್. ಅದುವರೆಗೆ ಸೋಲನ್ನೇ ಕಾಣದಿದ್ದ ಮಾಸ್ಕೆ ತನ್ನ ಕೊನೆಯ ಪಂದ್ಯದಲ್ಲಿ ಅಮೆರಿಕದ ವರ್ಜಿಲ್ ಹಿಲ್ ಕೈಯಲ್ಲಿ ಸೋತ, ಹಾಡು ಮೊಳಗಿತು, ಡಿಸ್ಕ್ ಲಕ್ಷಗಟ್ಟಲೆ ಖರ್ಚಾಯಿತು. 2007ರಲ್ಲಿ ಮಾಸ್ಕೆ ಕೈಗವಸು ಹಾಕಿಕೊಂಡು ಅದೇ ಮ್ಯೂನಿಕ್‌ಗೆ ವಾಪಸ್ ಬಂದು, ಅದೇ ವರ್ಜಿಲ್ ಹಿಲ್‌ನನ್ನು ಸೋಲಿಸಿ ಮನೆಗೆ ಹೋದ.