ದೂರ ಲೆಕ್ಕ ಹಾಕುವ ಮಹಾನುಭಾವರಿಗೆ, ದಿಂಬಂ ಘಾಟಿಯಿಂದ

ಎರಡು ಏರ್‌ಪೋರ್ಟಿನ ಹೆಸರು ಹೇಳಿದರೆ ಸಾಕು, ನಡುವಿನ ದೂರವನ್ನೂ ಹಾರುವ ಹೊತ್ತನ್ನೂ ರೆಪ್ಪೆ ಬಡಿಯುವುದರೊಳಗೆ ಒಪ್ಪಿಸುವ ಮಹಾನುಭಾವರೇ,

ತಾಳವಾಡಿಯಿಂದ ಅಡ್ಡಬಿದ್ದೆ. ನಿನ್ನೆ ದಿಂಬಂ ಘಾಟಿಯ ತಿರುವಿನಲ್ಲಿ ಲಾರಿಯೊಂದು ಅಡ್ಡಡ್ಡ ಸಿಕ್ಕಿಕೊಂಡು, ನಮ್ಮ ಬಸ್ಸಿನ ಡ್ರೈವರು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಒಂದು ನಿದ್ದೆ ಮುಗಿಸಿದ. ಆಗ ಅಕ್ಕನ ಮಗ ಫೋನಿನಲ್ಲಿ ನಿಮ್ಮ ಲೆಕ್ಕ ತೋರಿಸಿದ. ಮೈಸೂರಿನ ಮಂಡಕಳ್ಳಿಯಿಂದ ಕೊಯಮತ್ತೂರಿನ ಪೀಳಮೇಡಿಗೆ ಸುಮಾರು 140 ಕಿ.ಮೀ. ಹಾರಿದರೆ ಅರ್ಧ ಗಂಟೆ. ಹಾರುವ ವಿಮಾನ ಇದೆಯೋ ಇಲ್ಲವೋ, ಅದು ನಿಮ್ಮ ಇಲಾಖೆಯಲ್ಲ ಅನ್ನಿ.

ಭೂಮಿ ದುಂಡಗಿರುವುದನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯುತ್ತೀರಂತೆ. ಭಲೇ! ಭೂಮಿಯ ಡೊಂಕು ನಿಮಗೆ ಗೊತ್ತು, ದಿಂಬಂನ 27 ಡೊಂಕು ಗೊತ್ತಿಲ್ಲ.

ಮಂಡಕಳ್ಳಿಯ ರನ್‌ವೇ 1740 ಮೀಟರ್. ಎಟಿಆರ್‌ನಂಥ ಸಣ್ಣ ವಿಮಾನಕ್ಕಷ್ಟೇ ಸಾಲುತ್ತದೆ, ಉದ್ದ ಮಾಡಬೇಕು ಅಂತ ಮಾತು ನಡೆದೇ ಇದೆ. ಮಾಡಲಿ, ಸಂತೋಷ. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಲಿ ಅಂತ 2017ರಲ್ಲಿ ಉಡಾನ್ ಶುರುವಾಯಿತಲ್ಲ, ನನ್ನ ಹವಾಯಿ ಚಪ್ಪಲಿ ಬಸ್ಸಿಳಿದು ಲಾರಿ ನೋಡಲು ಹೋದಾಗ ಬಾರು ಕಿತ್ತುಕೊಂಡಿತು. ಅದರ ಹಾರಾಟ ಅಷ್ಟಕ್ಕೇ ಮುಗಿಯಿತು.

ಈ ಘಾಟಿ ಇಳಿಯಲೇಬೇಕಾದ ಕರ್ಮ ಏನು ಅಂತ ಕೇಳಬಹುದು. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮದ್ರಾಸಿಗೇ ಉಳಿದೆವು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದಾಗ ಈರೋಡಿನ ಪಾಲಾದೆವು. ಚಾಮರಾಜನಗರ ನಮಗೆ ಮುಕ್ಕಾಲು ಗಂಟೆಯ ಹಾದಿ; ಈರೋಡು ನೂರು ಕಿಲೋಮೀಟರಿನಾಚೆ, ಬೆಟ್ಟದ ಬುಡಕ್ಕಿಳಿದು ಸತ್ಯಮಂಗಲವನ್ನೂ ದಾಟಬೇಕು. ಪಟ್ಟಾದಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿದೆ ಅಂತ ಘಾಟಿ ಕೆಳಗಿನ ಒಂದು ಕಚೇರಿಗೆ ಹೋಗಿದ್ದೆ. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಎಷ್ಟು ಹೊತ್ತಿಗೆ ಬರುತ್ತಾರೆ ಅಂದರೆ ಗುಮಾಸ್ತ ನನ್ನ ಮುಖ ನೋಡಿ, 'ಅಷ್ಟು ದೂರದಿಂದ ಬಂದಿರಾ?' ಅಂದ. ದೂರದ ಲೆಕ್ಕ ಎಲ್ಲರಿಗೂ ಬರುತ್ತದೆ ಸ್ವಾಮಿ, ಸಹಿ ಹಾಕೋದು ಮಾತ್ರ ಯಾರಿಗೂ ಬರೋದಿಲ್ಲ.

ರಾತ್ರಿ ಘಾಟಿಯಲ್ಲಿ ಗಾಡಿ ಓಡಬಾರದು ಅಂತ 2022ರಲ್ಲಿ ಮದ್ರಾಸ್ ಹೈಕೋರ್ಟು ಹಗ್ಗ ಬಿಗಿಯಿತು. ಸರಿಯಾಗಿಯೇ ಬಿಗಿಯಿತು, ಇದು ಹುಲಿ ಕಾಡು, ಚಕ್ರಕ್ಕೆ ಸಿಕ್ಕಿ ಸತ್ತ ಪ್ರಾಣಿಗಳು ಒಂದೆರಡಲ್ಲ. ಹಾಸನೂರಿನ ಆನೆಗಳು ಕಬ್ಬಿನ ಲಾರಿ ಅಡ್ಡಗಟ್ಟಿ ಸುಂಕ ವಸೂಲಿ ಮಾಡಿದರೂ ನನಗೆ ಬೇಜಾರಿಲ್ಲ, ಅವು ಮೀಟಿಂಗಿಗೆ ಹೋಗೋದಿಲ್ಲ. ಆದರೆ ರಾತ್ರಿ ನಿಂತ ಲಾರಿಯೆಲ್ಲ ಬೆಳಿಗ್ಗೆ ಒಟ್ಟಿಗೆ ನುಗ್ಗುತ್ತವೆ. ಅದರಲ್ಲಿ ಒಂದು ಕೆಟ್ಟು ನಿಂತರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ನಡುವೆ ಸಿಕ್ಕ ಬಸುರಿ ಹೆಂಗಸು ಎಲ್ಲಿಗೆ ಹೋಗಬೇಕು? ಲಾರಿ ಎಳೆಯುವ ಒಂದು ಕ್ರೇನು ಘಾಟಿಯಲ್ಲೇ ಸದಾ ನಿಲ್ಲಿಸಿಡಿ ಅಂತ ಕೇಳೋದು ಏರ್‌ಪೋರ್ಟು ಕೇಳಿದ ಹಾಗಾಯಿತೇ? ನಗೋಣ ಅಂತಲೇ ಈ ಪತ್ರ ಶುರು ಮಾಡಿದ್ದು, ಈಗ ಆಗ್ತಿಲ್ಲ.

ಇರಲಿ. ಭೂಮಿಯ ಡೊಂಕು ಬಲ್ಲವರು ನೀವು, ಒಮ್ಮೆ ಬನ್ನಿ. ಪೀಳಮೇಡಿನಲ್ಲಿ ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ತಾಳವಾಡಿ ಬಸ್ಸು ಹತ್ತಿ. ಹಿಂದಿನ ಸೀಟು ನಿಮಗೇ ಹಿಡಿದಿಡುತ್ತೇನೆ. ವಾಂತಿಗೆ ನಿಂಬೆಹಣ್ಣು ನನ್ನ ಖರ್ಚಿನಲ್ಲಿ.

ಇಂತಿ,
ಪಟ್ಟಾ ಇನ್ನೂ ತಿದ್ದಿಸದ ತಾಳವಾಡಿಯ ರೈತ